ಹಳೆ ಬ್ರಿಟಿಷ್ ಬೈಕು, ಮಣ್ಣಿನ ಓವಲ್: ನಮ್ಮ ಕರಾವಳಿಯಲ್ಲೂ ಫ್ಲ್ಯಾಟ್ ಟ್ರ್ಯಾಕ್ ಶುರು ಮಾಡೋಣವೇ?

ಕಡಲೂರು ಬುಲೆಟ್, ಮಲ್ಪೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ಹಳೆ ಬ್ರಿಟಿಷ್ ಬೈಕುಗಳ ಮಾತು ಬಂದಾಗೆಲ್ಲ ಕ್ರೋಮ್, ಟ್ಯಾಂಕಿನ ಬಣ್ಣ, ಚಿನ್ನದ ಗೆರೆ ಇಷ್ಟರಲ್ಲೇ ನಿಂತು ಹೋಗುತ್ತದೆ. ಅದು ಬೇಡ ಅನ್ನುವುದಿಲ್ಲ. ಆದರೆ ಬಿಎಸ್‌ಎ, ಟ್ರಯಂಫ್, ಮ್ಯಾಚ್‌ಲೆಸ್ ಇವೆಲ್ಲ ಬರೀ ಚಂದಕ್ಕೆ ಹೆಸರು ಮಾಡಿದವಲ್ಲ. ಓಡಿ ಗೆದ್ದು ಹೆಸರು ಮಾಡಿದವು. ಅದರಲ್ಲೂ ಅಮೆರಿಕದ ಮಣ್ಣಿನ ಓವಲ್‌ಗಳಲ್ಲಿ ಅವು ಮಾಡಿದ್ದನ್ನು ಓದಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಹೊಸಬರಿಗೆ ಸ್ವಲ್ಪ ಹೇಳುತ್ತೇನೆ. ಫ್ಲ್ಯಾಟ್ ಟ್ರ್ಯಾಕ್ ಅಂದರೆ ಸಮತಟ್ಟು ಮಣ್ಣಿನ ಅಂಡಾಕಾರದ ಕಣದಲ್ಲಿ ನಡೆಯುವ ಬೈಕ್ ರೇಸ್. ತಿರುವೆಲ್ಲ ಎಡಕ್ಕೆ. ಮುಂದಿನ ಚಕ್ರಕ್ಕೆ ಬ್ರೇಕ್ ಇಲ್ಲ. 1960ರ ದಶಕದ ಬಹುಪಾಲು ಹಿಂದಿನ ಬ್ರೇಕಿಗೂ ಅಮೆರಿಕದಲ್ಲಿ ಅನುಮತಿ ಇರಲಿಲ್ಲ. ಸವಾರ ಎಡಗಾಲಿನ ಬೂಟಿಗೆ ಉಕ್ಕಿನ ತಗಡು ಕಟ್ಟಿಕೊಳ್ಳುತ್ತಾನೆ. ತಿರುವಿಗೆ ಬಂದಾಗ ಆ ಕಾಲನ್ನು ನೆಲಕ್ಕೆ ಸವರಿಸುತ್ತಾ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾ, ಹ್ಯಾಂಡಲ್ ಬಲಕ್ಕೆ ಹಿಡಿದು ಎಡಕ್ಕೆ ತಿರುಗುತ್ತಾನೆ. ಕಣ ನಾಲ್ಕು ಥರ. ಶಾರ್ಟ್ ಟ್ರ್ಯಾಕ್ ಚಿಕ್ಕದು. ಹಾಫ್ ಮೈಲ್ ಸುಮಾರು 800 ಮೀಟರ್, ಮೈಲ್ ಸುಮಾರು 1,600 ಮೀಟರ್. ಮೈಲ್ ಕಣದ ನೇರ ದಾರಿಯಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟುವವರಿದ್ದಾರೆ, ಅದೂ ಮಣ್ಣಿನಲ್ಲಿ. ನಾಲ್ಕನೆಯದು ಟಿಟಿ. ಅದರಲ್ಲಿ ಬಲಕ್ಕೂ ಒಂದು ತಿರುವು ಇರುತ್ತದೆ, ಒಂದು ನೆಗೆತ ಇರುತ್ತದೆ.

ಈಗ ನನ್ನ ಮಾತು. ಮಂಗಳೂರು, ಉಡುಪಿ, ಕುಂದಾಪುರ ಕಡೆ ಹಳೆ ಬುಲೆಟ್‌ಗಳಿಗೆ ಬರ ಇಲ್ಲ. ಕೆಲವು ಮನೆಗಳಲ್ಲಿ ಯುದ್ಧಕಾಲದ ಬಿಎಸ್‌ಎ ಎಂ20, ನಾರ್ಟನ್ 16ಎಚ್ ಕೂಡ ಇವೆ. ಬಹಳಷ್ಟು ಗಾಡಿ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಕೂತಿವೆ. ನಮ್ಮ ಹವೆಯಲ್ಲಿ ಕೂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ, ಅಲ್ವಾ? ಇವುಗಳಲ್ಲಿ ಕೆಲವನ್ನಾದರೂ ಮಳೆ ಬಿಟ್ಟ ಮೇಲೆ ಒಂದು ಸಣ್ಣ ಮಣ್ಣಿನ ಓವಲ್‌ನಲ್ಲಿ ಓಡಿಸಬೇಕು ಅನ್ನುವುದು ನನ್ನ ಆಸೆ. ಬಹುಮಾನ ಬೇಡ, ಕಪ್ ಬೇಡ. ಕಲಿಯುವುದಕ್ಕೆ. ಯಾರೆಲ್ಲ ಬರುತ್ತೀರಿ?

ಸುರತ್ಕಲ್ ಸಿಂಗಲ್

ಅಣ್ಣಾ, ನಾನು ಖಂಡಿತ ಬರುತ್ತೇನೆ. ಅಪ್ಪನ ಹಳೆ ಬುಲೆಟ್ 350 ಉಂಟು, ಬಲಗಾಲಿನ ಗೇರಿನದ್ದು. ಒಂದು ಸಂಶಯ. ಬ್ರಿಟನ್ನಿನವರಿಗೆ ಸ್ಪೀಡ್‌ವೇ ಅಂತ ಅವರದ್ದೇ ಆಟ ಇತ್ತಲ್ಲ? ಅದೂ ಇದೂ ಒಂದೇನಾ?

ಮಣಿಪಾಲ್ ಗೋಲ್ಡಿ

ತಮ್ಮಾ, ಎರಡೂ ಅಣ್ಣತಮ್ಮಂದಿರು, ಆದರೆ ಮನೆ ಬೇರೆ. ಸ್ಪೀಡ್‌ವೇ ಆಸ್ಟ್ರೇಲಿಯಾದಲ್ಲಿ ಬೆಳೆದು 1928ರಲ್ಲಿ ಬ್ರಿಟನ್ನಿಗೆ ಬಂತು. ಅದರಲ್ಲಿ ನಾಲ್ಕು ಜನ, ನಾಲ್ಕು ಸುತ್ತು. ಗಾಡಿಗೆ ಬ್ರೇಕೇ ಇಲ್ಲ. 500 ಸಿಸಿ ಸಿಂಗಲ್, ಅಂದರೆ ಒಂದೇ ಸಿಲಿಂಡರಿನ ಎಂಜಿನ್, ಕುಡಿಯುವುದು ಮೆಥನಾಲ್. ಬಹಳ ಕಾಲ ಲಂಡನ್ನಿನ ಜೆಎಪಿ ಎಂಜಿನ್ನೇ ಅಲ್ಲಿ ರಾಜ. ಆ ಗಾಡಿಯನ್ನು ಆ ಕಣಕ್ಕೆ ಅಂತಲೇ ಕಟ್ಟುತ್ತಾರೆ. ಬೇರೆ ಕಡೆ ಓಡಿಸಲು ಆಗುವುದಿಲ್ಲ.

ಅಮೆರಿಕದ ಫ್ಲ್ಯಾಟ್ ಟ್ರ್ಯಾಕ್ ಹಾಗಲ್ಲ. 1930ರ ದಶಕದಲ್ಲಿ ಅಲ್ಲಿನ ಬೈಕ್ ಸಂಘವಾದ ಎಎಂಎ ಕ್ಲಾಸ್ ಸಿ ಅಂತ ಒಂದು ವರ್ಗ ಮಾಡಿತು. ಅಂಗಡಿಯಲ್ಲಿ ಮಾರುವ ಗಾಡಿಯನ್ನೇ ಓಡಿಸಬೇಕು ಅನ್ನುವುದು ಅದರ ಮೂಲ ಆಸೆ. ನಿಯಮ ಹೀಗಿತ್ತು: ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಸೈಡ್ ವಾಲ್ವ್ ಎಂಜಿನ್ ಆದರೆ 750 ಸಿಸಿ, ವಾಲ್ವ್ ಮೇಲಿರುವ ಓವರ್‌ಹೆಡ್ ವಾಲ್ವ್ ಆದರೆ 500 ಸಿಸಿ ಮಾತ್ರ. ಅಮೆರಿಕದ ಹಾರ್ಲಿಯವರ ಕೆಆರ್ 750 ಸೈಡ್ ವಾಲ್ವ್. ಬ್ರಿಟಿಷರ ಗಾಡಿಗಳು ಓವರ್‌ಹೆಡ್ ವಾಲ್ವ್. ಅಂದರೆ 250 ಸಿಸಿ ಕಡಿಮೆ ಇಟ್ಟುಕೊಂಡು ಗೆಲ್ಲಬೇಕು. ಅದನ್ನೂ ಮಾಡಿ ತೋರಿಸಿದರು ಮಾರಾಯ.

ನನ್ನ ಹೃದಯ ಇರುವುದು ಬಿಎಸ್‌ಎ ಗೋಲ್ಡ್ ಸ್ಟಾರ್‌ನಲ್ಲಿ, ಅದಕ್ಕೇ ಈ ಹೆಸರು ಇಟ್ಟುಕೊಂಡದ್ದು. 1937ರಲ್ಲಿ ವಾಲ್ ಹ್ಯಾಂಡ್ಲಿ ಎಂಬ ಸವಾರ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಕಣದಲ್ಲಿ ಬಿಎಸ್‌ಎ ಎಂಪೈರ್ ಸ್ಟಾರ್ ಗಾಡಿಯಲ್ಲಿ ಗಂಟೆಗೆ 100 ಮೈಲಿ ದಾಟಿ ಸುತ್ತು ಹೊಡೆದ. ಹಾಗೆ ದಾಟಿದವರಿಗೆ ಅಲ್ಲಿ ಚಿನ್ನದ ನಕ್ಷತ್ರದ ಪಿನ್ ಕೊಡುತ್ತಿದ್ದರು. ಗಾಡಿಗೆ ಆ ಹೆಸರು ಬಂದದ್ದು ಅಲ್ಲಿಂದ. ಮುಂದೆ ಬಂದ 500 ಮಾದರಿಯಲ್ಲಿ ಬೋರ್ (ಸಿಲಿಂಡರಿನ ಅಗಲ) 85, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88 ಮಿಲಿಮೀಟರ್, ಒಟ್ಟು 499 ಸಿಸಿ. ಕ್ಯಾಲಿಫೋರ್ನಿಯಾದ ಆಸ್ಕಾಟ್ ಪಾರ್ಕ್ ಅನ್ನುವ ಹಾಫ್ ಮೈಲ್ ಕಣದಲ್ಲಿ ಸ್ಯಾಮಿ ಟ್ಯಾನರ್, ಆಲ್ ಗುಂಟರ್ ಇಂಥವರ ಕೈಯಲ್ಲಿ ಈ ಸಿಂಗಲ್ ಹಾರ್ಲಿಗಳಿಗೆ ಬೆವರು ಇಳಿಸಿತು.

1954ರಿಂದ ಇಡೀ ವರ್ಷದ ಅಂಕ ಸೇರಿಸಿ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್ ಆಯ್ಕೆ ಶುರುವಾಯಿತು. 1963ರಲ್ಲಿ ಡಿಕ್ ಮ್ಯಾನ್ ಬಿಎಸ್‌ಎ ಮತ್ತು ಮ್ಯಾಚ್‌ಲೆಸ್ ಎರಡನ್ನೂ ಓಡಿಸಿ ಚಾಂಪಿಯನ್ ಆದ. 1967, 1968 ಎರಡೂ ವರ್ಷ ಗ್ಯಾರಿ ನಿಕ್ಸನ್, ಟ್ರಯಂಫ್. 1970ರಲ್ಲಿ ಜೀನ್ ರೊಮೆರೊ, ಅವನದ್ದೂ ಟ್ರಯಂಫ್. 1971ರಲ್ಲಿ ಮತ್ತೆ ಡಿಕ್ ಮ್ಯಾನ್, ಬಿಎಸ್‌ಎ. ಈ ಡಿಕ್ ಮ್ಯಾನ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮೈಲ್, ಹಾಫ್ ಮೈಲ್, ಶಾರ್ಟ್ ಟ್ರ್ಯಾಕ್, ಟಿಟಿ, ರೋಡ್ ರೇಸ್, ಈ ಐದೂ ಬಗೆಯಲ್ಲಿ ಗೆದ್ದ ಮೊದಲ ಸವಾರ ಅವನು. ನಂತರ ಹಾರ್ಲಿಯ ಎಕ್ಸ್‌ಆರ್ 750 ಜೋರಾಯಿತು, ಯಮಹಾ ಬಂತು, ಅದನ್ನು ಓಡಿಸುವ ಕೆನ್ನಿ ರಾಬರ್ಟ್ಸ್ ಬಂದ. ಬಿಎಸ್‌ಎ ಕಂಪನಿಯೇ ಮುಳುಗಿತು. ಆ ಕಥೆ ಇಲ್ಲಿ ಬೇಡ, ಬೇಜಾರಾಗುತ್ತದೆ.

ಕಡಲೂರು ಬುಲೆಟ್, ಮಲ್ಪೆ

ಗೋಲ್ಡಿಯವರೇ, ಇದನ್ನೇ ಯಾರಾದರೂ ಬರೆಯಲಿ ಅಂತ ಕಾಯುತ್ತಿದ್ದೆ.

ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಡೇಟೋನಾ 200 ರೇಸ್ 1960ರ ವರೆಗೆ ಸಮುದ್ರ ತೀರದ ಮರಳಿನ ಮೇಲೂ ಪಕ್ಕದ ರಸ್ತೆಯ ಮೇಲೂ ಸೇರಿ ನಡೆಯುತ್ತಿತ್ತು. ನಾರ್ಟನ್ ಮ್ಯಾಂಕ್ಸ್ ಗಾಡಿಗಳು ಅಲ್ಲಿ 1949ರಿಂದ 1952ರ ವರೆಗೆ ಸತತ ಗೆದ್ದವು. 1954ರಲ್ಲಿ ಬಾಬಿ ಹಿಲ್ ಗೆದ್ದಾಗ ಮೊದಲ ಐದೂ ಸ್ಥಾನ ಬಿಎಸ್‌ಎಗೆ ಬಂತು. ಮಲ್ಪೆಯವನಾದ ನನಗೆ ಸಮುದ್ರದ ಪಕ್ಕ ಹಳೆ ನಾರ್ಟನ್ ಓಡುವುದನ್ನು ಯೋಚಿಸಿದರೇ ಸಾಕು. ಹಾಗಂತ ನಮ್ಮ ಬೀಚಿನಲ್ಲಿ ಯಾರೂ ಗಾಡಿ ಇಳಿಸಬೇಡಿ. ಅಲ್ಲಿ ಮೀನುಗಾರರ ಬಲೆ ಇರುತ್ತದೆ, ಮಕ್ಕಳು ಆಡುತ್ತಾರೆ, ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಉಪ್ಪು ಮರಳು ಚೈನಿಗೂ ಬೇರಿಂಗಿಗೂ ವಿಷ. ನಾನು ಹೇಳುತ್ತಿರುವುದು ಒಳನಾಡಿನ ಮಣ್ಣಿನ ಕಣ ಮಾತ್ರ.

ಕ್ರೋಮ್ ಪ್ರಿಯ, ಕದ್ರಿ

ನನಗೆ ಇದು ಸರಿ ಕಾಣುವುದಿಲ್ಲ. ಗಟ್ಟಿಯಾಗಿಯೇ ಹೇಳುತ್ತೇನೆ, ಬೇಸರ ಮಾಡಬೇಡಿ.

ನಮ್ಮ ಅಜ್ಜ ತೆಗೆದುಕೊಂಡ ಎಂ20 ನಮ್ಮ ಮನೆಯಲ್ಲಿದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. 496 ಸಿಸಿ ಸೈಡ್ ವಾಲ್ವ್. ಅದರ ಮೂಲ ಟ್ಯಾಂಕ್, ಮೂಲ ಫೋರ್ಕ್, ಮೂಲ ಕಾರ್ಬೊರೇಟರ್ ಎಲ್ಲ ಹಾಗೇ ಇದೆ. ಅದನ್ನು ತೆಗೆದುಕೊಂಡು ಹೋಗಿ ಮಣ್ಣಿನಲ್ಲಿ ಬೀಳಿಸಿ, ಟ್ಯಾಂಕ್ ಜಜ್ಜಿದರೆ ಮತ್ತೆ ಎಲ್ಲಿಂದ ತರುವುದು? ಇವು ಮತ್ತೆ ಹುಟ್ಟುವ ಗಾಡಿಗಳಲ್ಲ. ಕಾಪಾಡುವುದೂ ಒಂದು ಪ್ರೀತಿಯೇ. ರೇಸ್ ಬೇಕಾದವರು ಈಗಿನ ಗಾಡಿ ತೆಗೆದುಕೊಳ್ಳಲಿ.

ಬಂದರು ಸ್ಪ್ಯಾನರ್

ಕದ್ರಿಯವರ ಮಾತನ್ನು ಒಪ್ಪುತ್ತೇನೆ, ಅರ್ಧ. ಮೂಲ ರೂಪದಲ್ಲಿರುವ ಎಂ20 ಅನ್ನು ರೇಸಿಗೆ ಇಳಿಸಬಾರದು. ಅದು ಭಾರದ ಗಾಡಿ, ಮೆಲ್ಲಗೆ ಓಡುವ ಗಾಡಿ, ಆ ಕೆಲಸಕ್ಕೆ ಅಲ್ಲವೇ ಅಲ್ಲ. ಆದರೆ ನಿಲ್ಲಿಸಿ ಇಟ್ಟರೆ ಕಾಪಾಡಿದ ಹಾಗೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ನನ್ನ ಗ್ಯಾರೇಜಿಗೆ ಬರುವ ಹಳೆ ಗಾಡಿಗಳಲ್ಲಿ ಓಡಿಸಿ ಹಾಳಾದದ್ದು ಕಡಿಮೆ, ನಿಲ್ಲಿಸಿ ಹಾಳಾದದ್ದೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ ಕೇಳಿ.

ಮೊದಲು ಮ್ಯಾಗ್ನೆಟೊ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಭಾಗ. ಲೂಕಾಸ್ ಮ್ಯಾಗ್ನೆಟೊ ಒಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರಿಗೆ ಆ ಕಾಲದಲ್ಲಿ ಅರಗಿನ ವಾರ್ನಿಷ್ ಹಾಕುತ್ತಿದ್ದರು. ನಮ್ಮ ಸೆಕೆಗೆ, ತೇವಕ್ಕೆ ಅದು ಮೆತ್ತಗಾಗುತ್ತದೆ. ಒಳಗಿನ ಕಂಡೆನ್ಸರ್ ಕೂಡ ವಯಸ್ಸಾಗಿ ಸೋರುತ್ತದೆ. ಆಗ ಏನಾಗುತ್ತದೆ? ಬೆಳಿಗ್ಗೆ ತಣ್ಣಗಿರುವಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಹಂಪನಕಟ್ಟೆ ತಲುಪುವಷ್ಟರಲ್ಲಿ ಬಿಸಿಯಾಗಿ ನಿಂತು ಬಿಡುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್. ಜನ ಕಾರ್ಬೊರೇಟರ್ ಬಿಚ್ಚುತ್ತಾರೆ, ಪ್ಲಗ್ ಬದಲಿಸುತ್ತಾರೆ. ರೋಗ ಇರುವುದು ಆರ್ಮೇಚರಿನಲ್ಲಿ. ಹೊಸ ವೈಂಡಿಂಗ್ ಮಾಡಿಸಿ, ಈಗಿನ ಕಾಲದ ವಾರ್ನಿಷ್ ಹಾಕಿಸಿ, ಕಂಡೆನ್ಸರ್ ಬದಲಿಸಿದರೆ ಬಹಳ ಕಾಲ ಚಿಂತೆ ಇಲ್ಲ. ಮದ್ರಾಸ್ ಬುಲೆಟಿಗೆ, ಅಂದರೆ ಮದ್ರಾಸಿನಲ್ಲಿ ತಯಾರಾದ ಬುಲೆಟಿಗೆ, ಬ್ಯಾಟರಿ, ಕಾಯಿಲ್, ಪಾಯಿಂಟ್. ಅದಕ್ಕೆ ಈ ತೊಂದರೆ ಇಲ್ಲ.

ಆಮೇಲೆ ಆಯಿಲ್. ಬಿಎಸ್‌ಎ ಸಿಂಗಲ್‌ಗಳಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಗಾಡಿ ನಿಂತೇ ಇದ್ದರೆ ಅದು ಪಂಪ್ ಮೂಲಕ ಮೆಲ್ಲ ಮೆಲ್ಲ ಎಂಜಿನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯನ್ನು ಸೀದಾ ಕಿಕ್ ಮಾಡಬೇಡಿ. ಕೆಳಗಿನ ನಟ್ ಬಿಚ್ಚಿ ಆಯಿಲ್ ಹೊರಗೆ ತೆಗೆದು, ಅದನ್ನು ಅಳೆದು, ಟ್ಯಾಂಕಿಗೆ ಹೊಸದು ಹಾಕಿ ಮತ್ತೆ ಕಿಕ್ ಮಾಡಿ.

ಪೆಟ್ರೋಲ್ ವಿಷಯವೂ ಹಾಗೆಯೇ. ಈಗ ಬರುವ ಪೆಟ್ರೋಲಿನಲ್ಲಿ ಎಥನಾಲ್ 20 ಪರ್ಸೆಂಟ್. ಎಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯಲ್ಲಿ ನೀರಿಗೆ ಕೊರತೆ ಉಂಟಾ? ಅರ್ಧ ಖಾಲಿ ಟ್ಯಾಂಕ್ ಮಳೆಗಾಲ ಇಡೀ ನಿಂತರೆ ಒಳಗೆ ತುಕ್ಕು ಖಂಡಿತ. ಹಳೆ ರಬ್ಬರ್ ಪೈಪ್ ಮೆತ್ತಗಾಗುತ್ತದೆ. ಅಮಾಲ್ ಕಾರ್ಬೊರೇಟರಿನ ಬಾಡಿ ಸತು ಬೆರೆತ ಲೋಹ. ಅದರ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಪೂರ್ತಿ ಖಾಲಿ ಮಾಡಿ ನಿಲ್ಲಿಸಿ. ಓಡಿಸುವುದಾದರೆ ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿ ಆಗುವಷ್ಟು ಓಡಿಸಿ. ಮನೆ ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡವೇ ಬೇಡ. ಅದರಿಂದ ಸೈಲೆನ್ಸರಿನ ಒಳಗೆ, ಕ್ರ್ಯಾಂಕ್ ಕೇಸಿನ ಒಳಗೆ ನೀರು ಕೂರುತ್ತದೆ, ಬೇರೆ ಲಾಭ ಇಲ್ಲ.

ಇನ್ನೊಂದು, ಸ್ಪ್ಯಾನರ್. ಹಳೆ ಬ್ರಿಟಿಷ್ ನಟ್ಟಿಗೆ ವಿಟ್‌ವರ್ತ್ ಸ್ಪ್ಯಾನರ್ ಬೇಕು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆದು ನಟ್ ದುಂಡಗಾಗುತ್ತದೆ. ಥ್ರೆಡ್ಡಿನ ಕೋನವೇ ಬೇರೆ, ಅದು 55 ಡಿಗ್ರಿ, ಈಗಿನದು 60. ಸಿಕ್ಕಿದ ಬೋಲ್ಟ್ ಸಿಕ್ಕಿದಲ್ಲಿ ತುರುಕಬೇಡಿ. ಬಂದರಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ವಿಟ್‌ವರ್ತ್ ಸ್ಪ್ಯಾನರ್ ಈಗಲೂ ಸಿಗುತ್ತದೆ. ಬೋಟಿನ ಹಳೆ ಎಂಜಿನ್ ಕೆಲಸ ಮಾಡುತ್ತಿದ್ದವರ ಮನೆಗಳಲ್ಲೂ ಕೇಳಿ ನೋಡಿ.

ಮಣಿಪಾಲ್ ಗೋಲ್ಡಿ

ಸ್ಪ್ಯಾನರಣ್ಣ ಮ್ಯಾಗ್ನೆಟೊ ಅಂದದ್ದಕ್ಕೆ ನೆನಪಾಯಿತು. ಗೋಲ್ಡ್ ಸ್ಟಾರ್ 1963ರಲ್ಲಿ ನಿಂತು ಹೋದದ್ದು ಲೂಕಾಸ್‌ನವರು ಅದರ ಮ್ಯಾಗ್ನೆಟೊ ಮಾಡುವುದನ್ನು ನಿಲ್ಲಿಸಿದ್ದಕ್ಕೆ. ಅಷ್ಟು ದೊಡ್ಡ ಹೆಸರಿನ ಗಾಡಿ ಒಂದು ಬಿಡಿಭಾಗ ಇಲ್ಲದೆ ಮುಗಿದು ಹೋಯಿತು.

ಈಗ ನೋಡಿ. ಬಿಎಸ್‌ಎ ಹೆಸರನ್ನು 2016ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕೊಂಡಿತು. ಹೊಸ ಗೋಲ್ಡ್ ಸ್ಟಾರ್ 650 ನಮ್ಮಲ್ಲಿ 2024ರ ಆಗಸ್ಟ್‌ನಲ್ಲಿ ಬಂತು. ನಾರ್ಟನ್ 2020ರಲ್ಲಿ ಟಿವಿಎಸ್ ಕೈಗೆ ಬಂತು. ಎನ್‌ಫೀಲ್ಡ್ ಅಂತೂ 1955ರಿಂದಲೇ ಮದ್ರಾಸಿನಲ್ಲಿದೆ. ಈ ಹೆಸರುಗಳೆಲ್ಲ ಈಗ ನಮ್ಮ ದೇಶದವರ ಕೈಯಲ್ಲೇ ಬದುಕಿವೆ. ಆದ್ದರಿಂದ ಇವು ಓಡಿದ ಕಣವೂ ನಮ್ಮಲ್ಲಿ ಇರಲಿ ಅನ್ನುವ ಆಸೆ ನನಗೆ ದೊಡ್ಡದು ಅಂತ ಅನ್ನಿಸುವುದೇ ಇಲ್ಲ.

ಘಾಟಿ ಹತ್ತುವವಳು, ಕಾರ್ಕಳ

ನಾನು ಸ್ವಲ್ಪ ಓಡಿಸಿ ನೋಡಿದವಳು, ಅದಕ್ಕೆ ಬರೆಯುತ್ತಿದ್ದೇನೆ. ರಾಯಲ್ ಎನ್‌ಫೀಲ್ಡ್‌ನವರು ಬೆಂಗಳೂರು–ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕಿನಲ್ಲಿ ಸ್ಲೈಡ್ ಸ್ಕೂಲ್ ಅಂತ ಶುರು ಮಾಡಿದ್ದರು. ಹಿಮಾಲಯನ್ 411 ಅನ್ನು ಫ್ಲ್ಯಾಟ್ ಟ್ರ್ಯಾಕಿಗೆ ಬೇಕಾದ ಹಾಗೆ ಬದಲಿಸಿದ ಗಾಡಿ ಕೊಡುತ್ತಿದ್ದರು. ನಾನು ಅಲ್ಲಿ ಕಲಿತೆ.

ಆಗುಂಬೆ ಘಾಟಿಯಲ್ಲಿ ವರ್ಷಗಟ್ಟಲೆ ಬುಲೆಟ್ ಓಡಿಸಿದ ಮೇಲೂ ಅಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಡಾಂಬರಿನಲ್ಲಿ ನಾವು ಗಾಡಿಯ ಜೊತೆ ಬಾಗುತ್ತೇವೆ. ಇಲ್ಲಿ ಗಾಡಿಯನ್ನು ಮಾತ್ರ ಕೆಳಗೆ ಒತ್ತಬೇಕು, ನಾವು ಮೇಲೆ ನೆಟ್ಟಗೆ ಇರಬೇಕು. ಬಲ ಮೊಣಕೈ ಎತ್ತರದಲ್ಲಿ. ಸೀಟಿನ ಬಲ ಅಂಚಿಗೆ ಸರಿದು, ಮೈಭಾರ ಬಲಗಾಲಿನ ಫುಟ್‌ರೆಸ್ಟ್ ಮೇಲೆ. ಎಡಗಾಲು ನೆಲವನ್ನು ಸವರುತ್ತದೆ, ಆದರೆ ಅದರ ಮೇಲೆ ಭಾರ ಹಾಕುವ ಹಾಗಿಲ್ಲ. ತಿರುವಿಗೆ ಬರುವಾಗ ಆಕ್ಸಿಲೇಟರ್ ಬಿಡಬೇಕು, ಗಾಡಿ ಬಾಗಿಸಬೇಕು, ಹಿಂಚಕ್ರ ಹೊರಗೆ ಹೋಗಲು ಶುರುವಾದಾಗ ಮತ್ತೆ ಮೆಲ್ಲಗೆ ಆಕ್ಸಿಲೇಟರ್ ಕೊಡಬೇಕು. ಹೆದರಿ ತಟ್ಟನೆ ಬಿಟ್ಟರೆ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿ ಗಾಡಿ ನಿಮ್ಮನ್ನು ಬಲಕ್ಕೆ ಎಸೆಯುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ.

ಹಳೆ ಬ್ರಿಟಿಷ್ ಸಿಂಗಲ್‌ಗಳು ಇದಕ್ಕೆ ಯಾಕೆ ಒಪ್ಪುತ್ತವೆ ಅಂತ ನನಗೆ ಅರ್ಥವಾದದ್ದು ಅಲ್ಲಿಯೇ. ಎಂಜಿನ್ನಿನ ಒಳಗೆ ತಿರುಗುವ ಭಾರದ ಗಾಲಿ, ಅಂದರೆ ಫ್ಲೈವೀಲ್. ಆಕ್ಸಿಲೇಟರ್ ಕೊಟ್ಟ ಕೂಡಲೇ ಹುಚ್ಚು ಹಿಡಿದ ಹಾಗೆ ತಿರುಗುವುದಿಲ್ಲ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದೇ ಹೊಡೆತ. ಒಂದು ಹೊಡೆತಕ್ಕೂ ಮುಂದಿನ ಹೊಡೆತಕ್ಕೂ ನಡುವೆ ಟೈರಿಗೆ ಮಣ್ಣು ಹಿಡಿಯಲು ಸಮಯ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ಗುರು ಸಿಗಲಾರ. ಬಲಗಾಲಿನ ಗೇರ್ ಇರುವುದೂ ಒಳ್ಳೆಯದೇ, ಎಡಗಾಲು ಕೆಳಗಿರುವಾಗಲೂ ಬಲಗಾಲು ಗೇರಿನ ಹತ್ತಿರ ಇರುತ್ತದೆ. ಆದರೆ ನೆನಪಿಡಿ, ಹಾಗಿರುವ ಗಾಡಿಯಲ್ಲಿ ಹಿಂದಿನ ಬ್ರೇಕ್ ಎಡಗಾಲಿಗೆ. ತಿರುವಿನಲ್ಲಿ ಅದು ಕೈಗೆ ಸಿಗುವುದಿಲ್ಲ, ಅಲ್ಲ, ಕಾಲಿಗೂ ಸಿಗುವುದಿಲ್ಲ. ಬ್ರೇಕ್ ಪೆಡಲನ್ನು ಬಲಕ್ಕೆ ಹಾಕಿಸಬೇಕು, ಇಲ್ಲವೇ ವೇಗ ಕಡಿಮೆ ಇಟ್ಟು ಬ್ರೇಕ್ ಇಲ್ಲದೆ ಕಲಿಯಬೇಕು.

ಕಡಲೂರು ಬುಲೆಟ್, ಮಲ್ಪೆ

ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಗ್ಯಾರೇಜಿನಲ್ಲಿ ಅಂಟಿಸುತ್ತೇನೆ.

ಕದ್ರಿಯವರಿಗೆ ಒಂದು ಮಾತು. ನಿಮ್ಮ ಎಂ20 ಕಣಕ್ಕೆ ಬರುವುದು ಬೇಡ, ನೋಡುವವರ ಜೊತೆ ಬರಲಿ. ಮನೆಯಿಂದ ಅಲ್ಲಿಯವರೆಗೆ ನೀವೇ ಓಡಿಸಿಕೊಂಡು ಬನ್ನಿ. ಕಣಕ್ಕೆ ಮದ್ರಾಸ್ ಬುಲೆಟ್ ಸಾಕು. ಅದು ಬ್ರಿಟಿಷ್ ವಿನ್ಯಾಸವೇ, ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ್ದು. 346 ಸಿಸಿ, ಬೋರ್ 70, ಸ್ಟ್ರೋಕ್ 90. ರೆಡ್ಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು, ಮದ್ರಾಸಿನಲ್ಲಿ ಗಾಡಿ ಬರುತ್ತಲೇ ಇತ್ತು. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಬಿದ್ದರೆ ಎದೆ ಒಡೆಯುವುದಿಲ್ಲ. ಇನ್ನೊಂದು ಅದೃಷ್ಟ ನೋಡಿ, ಹಳೆ ಬುಲೆಟಿಗೆ ಹಿಂದೆ ಮುಂದೆ ಎರಡೂ 19 ಇಂಚಿನ ಚಕ್ರ. ಫ್ಲ್ಯಾಟ್ ಟ್ರ್ಯಾಕಿಗೂ 19 ಇಂಚೇ ರೂಢಿ. ಅಮೆರಿಕದ ಫ್ಲ್ಯಾಟ್ ಟ್ರ್ಯಾಕ್ ಸರಣಿಗೆ ರಾಯಲ್ ಎನ್‌ಫೀಲ್ಡ್ ತನ್ನ 650 ಟ್ವಿನ್ ಎಂಜಿನ್ ತೆಗೆದುಕೊಂಡು ಹೋಗಿದೆ. ಅಂದರೆ ಈ ಹೆಸರಿಗೆ ಓವಲ್ ಹೊಸದೂ ಅಲ್ಲ.

ಕ್ರೋಮ್ ಪ್ರಿಯ, ಕದ್ರಿ

ಮದ್ರಾಸ್ ಬುಲೆಟ್ ಆದರೆ ನನ್ನ ತಕರಾರು ಇಲ್ಲ. ಆದರೆ ಅದರಲ್ಲೂ ಮೂಲ ಸ್ಥಿತಿಯಲ್ಲಿರುವ ತೀರಾ ಹಳೆಯದನ್ನು ಕತ್ತರಿಸಬೇಡಿ. ಫ್ರೇಮ್ ಕತ್ತರಿಸಿದರೆ ಅದು ಮತ್ತೆ ಹಿಂದಕ್ಕೆ ಬರುವುದಿಲ್ಲ. ಕಳಚಿದ ಹೆಡ್‌ಲೈಟ್, ಮಡ್‌ಗಾರ್ಡ್ ಎಲ್ಲ ಹೆಸರು ಬರೆದು ಕಟ್ಟಿ ಇಡಿ.

ಕಾನೂನಿನ ವಿಷಯವೂ ಯಾರೂ ಎತ್ತಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಗೆ ನಿಯಮ ಮಾಡಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅದು 10 ವರ್ಷಕ್ಕೆ. ಮತ್ತೆ ಮಾಡಿಸಲು 5,000. ಚಾಸಿ, ಎಂಜಿನ್ ಬದಲಿಸಿದ್ದರೆ ಆಗುವುದಿಲ್ಲ. ಆ ನಂಬರ್ ತೆಗೆದುಕೊಂಡ ಮೇಲೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಆದ್ದರಿಂದ ಗಾಡಿ ಬದಲಿಸುವ ಮೊದಲೇ ಯೋಚಿಸಿ. ನಮ್ಮ ಕಡೆಯ ಗಾಡಿಗಳ ಬಹಳ ಹಳೆಯ ನೋಂದಣಿ ಪುಸ್ತಕಗಳು ಮದ್ರಾಸ್ ಕಾಲದವು, ದಕ್ಷಿಣ ಕನ್ನಡ ಜಿಲ್ಲೆ 1956ರ ವರೆಗೆ ಆ ಕಡೆಯೇ ಇತ್ತಲ್ಲ. ಅಂಥ ಆರ್‌ಸಿ ಮನೆಯಲ್ಲಿದ್ದರೆ ಜೋಪಾನ ಮಾಡಿ, ಲ್ಯಾಮಿನೇಷನ್ ಮಾಡಿಸಬೇಡಿ.

ಲೈಟ್, ಬ್ರೇಕ್ ಕಳಚಿದ ಗಾಡಿಯನ್ನು ರಸ್ತೆಗೆ ತರುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಟೆಂಪೋದಲ್ಲಿ ಹಾಕಿಕೊಂಡು ಬನ್ನಿ.

ಬಾಕಿಮಾರು, ಬಂಟ್ವಾಳ

ಬೈಕಿನ ವಿಷಯ ನನಗೆ ಕಡಿಮೆ ಗೊತ್ತು, ಮಣ್ಣಿನ ವಿಷಯ ಸ್ವಲ್ಪ ಗೊತ್ತು. ಇಲ್ಲಿ ಎಲ್ಲರೂ ಎಂಜಿನ್ ಬಗ್ಗೆ ಬರೆದಿದ್ದಾರೆ, ಓಡುವ ನೆಲದ ಬಗ್ಗೆ ಯಾರೂ ಬರೆಯಲಿಲ್ಲ.

ಪದವಿನ (ಎತ್ತರದ ಬಯಲಿನ) ಮೇಲೆ ಮುರಕಲ್ಲಿನ (ಕೆಂಪು ಕಲ್ಲಿನ) ಜಾಗ ದೊಡ್ಡದಾಗಿ ಸಿಗುತ್ತದೆ, ಅಲ್ಲಿ ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಳಗೆ ಕಲ್ಲು, ಮೇಲೆ ಸಣ್ಣ ಹರಳು. ಕಾಲು ಊರಿದರೆ ಹಿಡಿತ ಇಲ್ಲ. ಬಿದ್ದರೆ ಚರ್ಮ ಉಳಿಯುವುದಿಲ್ಲ.

ಬಾಕಿಮಾರು, ಅಂದರೆ ವಿಶಾಲವಾದ ಗದ್ದೆ ಒಳ್ಳೆಯದು. ಏಣೆಲು (ಮಳೆಗಾಲದ ಭತ್ತ) ಕೊಯ್ದು ಮುಗಿದ ಮೇಲೆ ನವೆಂಬರಿನಿಂದ ಖಾಲಿ. ಈಗ ಬೇಸಾಯ ಮಾಡದೆ ಹಡಿಲು ಬಿಟ್ಟ ಗದ್ದೆಗಳೂ ಬೇಕಾದಷ್ಟಿವೆ. ಹುಣಿ (ಗದ್ದೆಯ ಬದು) ತೆಗೆಯಬೇಕಾಗುತ್ತದೆ, ಅದಕ್ಕೆ ಗದ್ದೆಯವರ ಒಪ್ಪಿಗೆ ಬೇಕು, ಮಳೆಗೆ ಮೊದಲು ಮತ್ತೆ ಕಟ್ಟಿಕೊಡಬೇಕು. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಕೊಡಿ. ಆಗಲೂ ಬೆಳೆ ಇರುವ ಗದ್ದೆಯನ್ನು ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ.

ಗದ್ದೆ ಮಣ್ಣು ಅಂಟು. ನೀರು ಜಾಸ್ತಿಯಾದರೆ ಕೆಸರು, ಕಡಿಮೆಯಾದರೆ ಬಿರುಕು ಬಿಟ್ಟು ಧೂಳು. ಕಂಬಳದ ಕರೆ (ಕೋಣ ಓಡುವ ಕಣ) ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎಷ್ಟು ಮರಳು ಸೇರಿಸಬೇಕು, ಎಷ್ಟು ನೀರು ನಿಲ್ಲಿಸಬೇಕು ಅಂತ ಕೈಯಲ್ಲಿ ಮುಟ್ಟಿ ಹೇಳುತ್ತಾರೆ. ನಿಮಗೆ ಬೇಕಾದ ನೆಲ ಬೇರೆ, ಆದರೆ ಆ ಕೈಗಳೇ ಬೇಕು. ಅಂಥವರನ್ನು ಕರೆಯಿರಿ, ಗೌರವದಿಂದ ಕೇಳಿ.

ಮಣಿಪಾಲ್ ಗೋಲ್ಡಿ

ಬಾಕಿಮಾರಿನವರೇ, ನೀವು ಹೇಳಿದ್ದು ಈ ಆಟದ ಜೀವ. ಅಮೆರಿಕದಲ್ಲಿ ಎರಡು ಥರದ ಕಣ ಹೇಳುತ್ತಾರೆ. ಒಂದು ಕುಶನ್, ಅಂದರೆ ಮೇಲಿನ ಮಣ್ಣು ಸಡಿಲ ಇರುತ್ತದೆ, ಒಳಗೆ ತೇವ ಇರುತ್ತದೆ, ಗಾಡಿ ಅಗಲಕ್ಕೆ ಜಾರುತ್ತದೆ. ಇನ್ನೊಂದು ಬ್ಲೂ ಗ್ರೂವ್. ಅಲ್ಲಿ ಜೇಡಿಮಣ್ಣು ಗಟ್ಟಿಯಾಗಿ ಒತ್ತಿ ಹೋಗಿರುತ್ತದೆ. ಟೈರಿನ ರಬ್ಬರ್ ಅಂಟಿ ಅಂಟಿ ಕಪ್ಪು ನೀಲಿ ಗೆರೆ ಮೂಡುತ್ತದೆ. ಆ ಗೆರೆಯಲ್ಲಿ ಡಾಂಬರಿನ ಹಿಡಿತ, ಒಂದು ಅಡಿ ಹೊರಗೆ ಹೋದರೆ ಏನೂ ಇಲ್ಲ. ಕಲಿಯುವವರಿಗೆ ಕುಶನ್ ಥರದ್ದೇ ವಾಸಿ.

ನಮ್ಮಲ್ಲಿ ಜೇಡಿಮಣ್ಣಿಗೆ ಎಂಥ ಕೊರತೆ? ನೇತ್ರಾವತಿ, ಗುರುಪುರ ಹೊಳೆಗಳ ಮಣ್ಣಿನಿಂದಲೇ ಮಂಗಳೂರು ಹಂಚು ಲೋಕಕ್ಕೆಲ್ಲ ಹೋಯಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಜಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಈ ಮಣ್ಣು ನೋಡಿಯೇ. ಮುಚ್ಚಿದ ಹಂಚಿನ ಕಾರ್ಖಾನೆಗಳ ಅಂಗಳದಲ್ಲಿ ಒಡೆದ ಹಂಚಿನ ರಾಶಿ ಇರುತ್ತದೆ. ಅದನ್ನು ನುಣ್ಣಗೆ ಪುಡಿ ಮಾಡಿ ಮೇಲೆ ತೆಳ್ಳಗೆ ಹರಡಿದರೆ ಹೇಗಿರುತ್ತದೆ ಅಂತ ಪ್ರಯೋಗ ಮಾಡಬೇಕು. ಮೊದಲು ಒಂದು ಮೂಲೆಯಲ್ಲಿ ಹರಡಿ, ನೀರು ಹಾಕಿ, ರೋಲರ್ ಎಳೆದು ನೋಡೋಣ.

ಘಾಟಿ ಹತ್ತುವವಳು, ಕಾರ್ಕಳ

ಜಾಗ ಸಿಕ್ಕಿದರೆ ಓವಲ್ ದೊಡ್ಡದು ಬೇಡ. ಸುತ್ತಳತೆ 200 ಮೀಟರ್ ಸಾಕು, ಎರಡನೇ ಗೇರ್ ದಾಟುವುದೇ ಬೇಡ. ಹೊರಗಡೆ ಜಾರಿ ಹೋಗಲು ಖಾಲಿ ಜಾಗ ಬೇಕು. ಬೇಲಿ, ಕಲ್ಲುಕಂಬ, ತೆಂಗಿನ ಮರ ಹತ್ತಿರ ಇರಬಾರದು. ಹೆಲ್ಮೆಟ್, ಎದೆ ಬೆನ್ನಿನ ಗಾರ್ಡ್, ಮೊಣಕಾಲು ಗಾರ್ಡ್ ಇಲ್ಲದವರು ಹೊರಗೆ ನಿಂತು ನೋಡಲಿ. ಮಣಿಕಟ್ಟಿಗೆ ದಾರ ಕಟ್ಟಿದ ಕಿಲ್ ಸ್ವಿಚ್ ಪ್ರತಿ ಗಾಡಿಗೂ ಬೇಕು, ಬಿದ್ದ ಕೂಡಲೇ ಎಂಜಿನ್ ಆಫ್ ಆಗಬೇಕು. ಆಂಬುಲೆನ್ಸ್ ಇಲ್ಲದೆ ಶುರು ಮಾಡುವುದು ಬೇಡ. ಮುಂದೆ ಸ್ಪರ್ಧೆ ಅಂತ ಮಾಡುವುದಾದರೆ ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಅನುಮತಿ, ಸವಾರರಿಗೆ ಲೈಸೆನ್ಸ್ ಎಲ್ಲ ಬೇಕು. ಅದನ್ನು ಸರಿಯಾದ ದಾರಿಯಲ್ಲೇ ಮಾಡೋಣ. ಒಂದು ಅಪಘಾತ ಆದರೆ ಈ ಕಡೆ ಮತ್ತೆ ಯಾರೂ ಜಾಗ ಕೊಡುವುದಿಲ್ಲ.

ಇನ್ನೊಂದು ಮಾತು. ಹುಡುಗಿಯರನ್ನು ಕರೆಯಿರಿ. ಸುಮ್ನೆ ಫೋಟೋಕ್ಕೆ ಅಲ್ಲ, ಓಡಿಸಲು. ನಮ್ಮ ಕಡೆ ಬುಲೆಟ್ ಓಡಿಸುವ ಹುಡುಗಿಯರು ಬಹಳ ಇದ್ದಾರೆ.

ಕಡಲೂರು ಬುಲೆಟ್, ಮಲ್ಪೆ

ಅಕ್ಕನ ಮಾತೆಲ್ಲ ನಿಯಮ ಅಂತಲೇ ಇಟ್ಟುಕೊಳ್ಳೋಣ. ದೀಪಾವಳಿ ಕಳೆದ ಮೇಲೆ ಮೊದಲು ಜಾಗ ನೋಡಲು ಹೋಗೋಣ. ಬಾಕಿಮಾರಿನವರೇ, ನೀವು ಜೊತೆಗಿರಬೇಕು. ಗಾಡಿ ಆಮೇಲೆ.

ಸ್ಪ್ಯಾನರಣ್ಣ, ಒಂದು ಬುಲೆಟನ್ನು ಎಲ್ಲರೂ ಸೇರಿ ಕಟ್ಟೋಣ, ಎಲ್ಲರೂ ಅದರಲ್ಲೇ ಕಲಿಯೋಣ. ಹೆಡ್‌ಲೈಟ್, ಮುಂದಿನ ಮಡ್‌ಗಾರ್ಡ್, ಮುಂದಿನ ಬ್ರೇಕ್ ಹೊರಗೆ. ಅಗಲದ ಹ್ಯಾಂಡಲ್. ಹಿಂದಿನ ಸ್ಪ್ರಾಕೆಟ್ ಸ್ವಲ್ಪ ದೊಡ್ಡದು. ಎಂಜಿನ್ ಒಳಗೆ ಏನೂ ಮುಟ್ಟುವುದು ಬೇಡ. ಫ್ರೇಮಿಗೆ ಗರಗಸ ತಾಗಿಸುವುದಿಲ್ಲ, ಕದ್ರಿಯವರಿಗೆ ಮಾತು ಕೊಡುತ್ತೇನೆ.

ಬಂದರು ಸ್ಪ್ಯಾನರ್

ಆಯಿತು. ನನ್ನ ಹತ್ತಿರ ಒಂದು 350ರ ಫ್ರೇಮ್, ಎಂಜಿನ್ ಬಿದ್ದಿದೆ, ಪುಸ್ತಕವೂ ಉಂಟು. ಕ್ರ್ಯಾಂಕ್ ಬೇರಿಂಗ್ ನೋಡಿ ಕೊಡುತ್ತೇನೆ. ಬ್ರೇಕ್ ಪೆಡಲ್ ಬಲಕ್ಕೆ ತರುವುದನ್ನೂ ನಾನು ನೋಡುತ್ತೇನೆ. ಕೂಲಿ ಬೇಡ. ಭಾನುವಾರ ಬಂದು ಕೆಲಸ ಮಾಡುವ ಹುಡುಗರು ಬೇಕು. ಬರುವವರು ಕೈ ಕಪ್ಪು ಮಾಡಿಕೊಳ್ಳಲು ತಯಾರಿರಬೇಕು.

ಸುರತ್ಕಲ್ ಸಿಂಗಲ್

ಭಾನುವಾರ ನಾನು ಬರುತ್ತೇನೆ ಅಣ್ಣಾ, ಕಾಲೇಜಿನ ಇಬ್ಬರು ಗೆಳೆಯರನ್ನೂ ಕರೆತರುತ್ತೇನೆ. ಅಪ್ಪನ ಬುಲೆಟನ್ನು ಮಾತ್ರ ಕಣಕ್ಕೆ ತರುವುದಿಲ್ಲ, ಅದು ಅವರ ಮದುವೆಗೂ ಮೊದಲಿನ ಗಾಡಿ. ಎಡಗಾಲಿನ ಉಕ್ಕಿನ ಶೂ ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ಹೊರದೇಶದ್ದು ಬಹಳ ದುಬಾರಿ.

ಬಂದರು ಸ್ಪ್ಯಾನರ್

ದುಡ್ಡು ಕೊಟ್ಟು ತರಿಸಬೇಡ ಮಾರಾಯ. ನಿನ್ನ ಹಳೆ ಎಡಗಾಲಿನ ಬೂಟ್ ತೆಗೆದುಕೊಂಡು ಬಾ, ಪಾದ ಮುಚ್ಚುವ ಗಟ್ಟಿ ಚರ್ಮದ್ದೇ ಆಗಬೇಕು. ಅದರ ಅಡಿಯ ಅಳತೆಗೆ ತಗಡು ಕತ್ತರಿಸಿ, ಬೆರಳಿನ ಕಡೆ ಮೇಲಕ್ಕೆ ಬಗ್ಗಿಸಿ, ಹಿಮ್ಮಡಿಗೆ ಬೆಲ್ಟ್ ಹಾಕಿ ಕೊಡುತ್ತೇನೆ. ನೆಲಕ್ಕೆ ತಾಗುವ ಕಡೆ ಹಾರ್ಡ್ ಫೇಸಿಂಗ್ ವೆಲ್ಡಿಂಗ್ ಹಾಕಿದರೆ ಬೇಗ ಸವೆಯುವುದಿಲ್ಲ. ಅಂಚು ಚೂಪಾಗಿ ಇರಬಾರದು, ಮಣ್ಣಿಗೆ ಕಚ್ಚಿದರೆ ಮೊಣಕಾಲು ತಿರುಚುತ್ತದೆ. ಬೇರೆಯವರಿಗೂ ಬೇಕಾದರೆ ಬೂಟಿನ ಒಳಗೆ ಚೀಟಿಯಲ್ಲಿ ಹೆಸರು ಬರೆದು ತನ್ನಿ, ಎಲ್ಲ ಒಟ್ಟಿಗೆ ಮಾಡುತ್ತೇನೆ.